ಗುಡ್ಡದ ಮೇಲೆ ತಂತಿ ಕಟ್ಟುವ ಹ್ಯಾಮ್ ಗೆಳೆಯರೇ, ಆ ಸದ್ದನ್ನು ಅಡಗಿಸಬೇಡಿ

ಸಿಡಿಲು ನನ್ನ ಆಂಟೆನಾಕ್ಕೆ ಬಡಿಯಲಿಲ್ಲ. ಬಡಿಯದೆಯೇ ಇಷ್ಟೆಲ್ಲ ಆಯಿತು. ಮುಂಗಾರು ಹಿಡಿಯುವ ಮುಂಚಿನ ಈ ದಿನಗಳಲ್ಲಿ ಪುಟ್ಟ ರೇಡಿಯೊ, ಬ್ಯಾಟರಿ, ಗಾಳದ ಕೋಲಿನಂಥ ಕಂಬ ಹೊತ್ತುಕೊಂಡು ಮಲೆನಾಡಿನ ಗುಡ್ಡ ಹತ್ತಲು ಹೊರಟಿರುವ ಹ್ಯಾಮುಗಳು, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಸಂಪರ್ಕಿಸುವವರು, ದಯವಿಟ್ಟು ಇದನ್ನು ಓದಿ ಹೊರಡಿ.

ಜಾಗ ಸಕಲೇಶಪುರದ ಕಡೆ, ನಮ್ಮ ಸೋದರಮಾವನ ಕಾಫಿ ತೋಟದ ನೆತ್ತಿಯಲ್ಲಿರುವ ಬೋಳುಗುಡ್ಡ. ಅರಣ್ಯ ಇಲಾಖೆಯ ಅನುಮತಿಯ ಗೊಡವೆಯಿಲ್ಲ, ಹತ್ತಿರದಲ್ಲಿ ವಿದ್ಯುತ್ ತಂತಿಯಿಲ್ಲ. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಅಕ್ಕಪಕ್ಕದ ಇನ್ವರ್ಟರುಗಳೂ ಎಲ್‌ಇಡಿ ಬಲ್ಬುಗಳೂ ಸೇರಿಕೊಂಡು ಜೇನುಗೂಡು ಕೆದಕಿದಂತೆ ಗುಂಯ್‌ಗುಡುತ್ತಿರುತ್ತವೆ; ಸಣ್ಣ ಸಂಕೇತ ಕಿವಿಗೆ ಬೀಳುವುದೇ ಇಲ್ಲ. ಗುಡ್ಡದ ಮೇಲೆ ಹಾಗಲ್ಲ. ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದಲ್ಲಿ ನಿಮಿಷಕ್ಕೆ 8 ಪದಗಳ ಪರೀಕ್ಷೆಯಲ್ಲಿ ಬೆವರಿ ಸಾಮಾನ್ಯ ದರ್ಜೆಯ ಪರವಾನಗಿ ಪಡೆದವನು ನಾನು. ಆ ಕಷ್ಟಕ್ಕೆ ಫಲ ಸಿಗುವುದು ಇಂಥ ಜಾಗದಲ್ಲೇ.

ಸಾಮಾನು ಹೆಚ್ಚಿರಲಿಲ್ಲ. 4 ವಾಟ್ ಹೊಮ್ಮಿಸುವ, ಅಂಗೈ ಅಗಲದ ರೇಡಿಯೊ. 7 ಮೀಟರಿನ ಫೈಬರ್‌ಗ್ಲಾಸ್ ಕೋಲು. ಸುಮಾರು 20 ಮೀಟರ್ ಉದ್ದದ ತರಂಗಗಳ ಬ್ಯಾಂಡಿಗೆ ಅರ್ಧ ತರಂಗದ, ಅಂದರೆ ಸುಮಾರು 10 ಮೀಟರ್ ಉದ್ದದ ತಂತಿ, ಅದರ ಬುಡಕ್ಕೆ ತಂತಿಯನ್ನು ಕೇಬಲ್ಲಿಗೆ ಹೊಂದಿಸುವ ಒಂದಕ್ಕೆ ನಲವತ್ತೊಂಬತ್ತರ ಟ್ರಾನ್ಸ್‌ಫಾರ್ಮರ್. ಮೋರ್ಸ್ ಒತ್ತಲು ಹಿತ್ತಾಳೆಯ ಪ್ಯಾಡಲ್ ಕೀ. ಇವುಗಳ ಜೊತೆಗೆ, ಆನ್‌ಲೈನಿನಲ್ಲಿ 1,200 ರೂಪಾಯಿ ಕೊಟ್ಟು ತರಿಸಿದ್ದ ‘ಸಿಡಿಲು ರಕ್ಷಕ’ ಎಂಬ ಹೆಬ್ಬೆರಳು ಗಾತ್ರದ ತುಂಡು. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಶ್ವಿನಿ ಮುಗಿದು ಭರಣಿ ಮಳೆ ಹಿಡಿದಿತ್ತು. ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಮಧ್ಯಾಹ್ನ ಊಟ ಮುಗಿಸಿ ಹೊರಟಾಗ ತೋಟದ ಲೆಕ್ಕಪತ್ರ ನೋಡುವ ರೈಟರ್ ಅಂಗಳದಲ್ಲೇ ತಡೆದು, “ಸಾರ್, ಮೂರು ಗಂಟೆಯ ಮೇಲೆ ಗುಡ್ಡದಲ್ಲಿ ಇರಬೇಡಿ, ಭರಣಿ ಮಳೆ ಹೇಳಿ ಕೇಳಿ ಬರುವುದಿಲ್ಲ” ಎಂದಿದ್ದರು. ಒಂದು ಗಂಟೆಯಲ್ಲಿ ಇಳಿದುಬಿಡುತ್ತೇನೆ ಎಂದೆ. ಹ್ಯಾಮುಗಳ ಒಂದು ಗಂಟೆ ಎಷ್ಟು ಉದ್ದವೆಂದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತಿತ್ತು.

ಬಿಸಿಲು ಕಣ್ಣಿಗೆ ಹೊಡೆಯಬಾರದೆಂದು ಪೂರ್ವಕ್ಕೆ ಮುಖ ಮಾಡಿ, ಬಂಡೆಗೆ ಬೆನ್ನು ಕೊಟ್ಟು ಕುಳಿತೆ. ಘಟ್ಟದ ಮೋಡ ಏರುವುದು ಪಶ್ಚಿಮದಿಂದ. ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದೆ. ಕಣ್ಣೂ ಕಿವಿಯೂ ಎರಡನ್ನೂ ನಾನೇ ಮುಚ್ಚಿಕೊಂಡಂತಾಯಿತು.

ಎರಡೂವರೆಯ ಹೊತ್ತಿಗೆ ಜಪಾನಿನ ಒಬ್ಬ ಹವ್ಯಾಸಿ ಸಿಕ್ಕಿದ. ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ, ನನ್ನ ಕಡೆಯಿಂದ ಹೋಗುತ್ತಿರುವುದು ಒಂದು ಎಲ್‌ಇಡಿ ಬಲ್ಬಿನ ಅರ್ಧದಷ್ಟು ಶಕ್ತಿ. ಮೈಮರೆಯದೆ ಇನ್ನೇನು? ಆಗಲೇ ನಡುನಡುವೆ ಒಣ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂಥ ಛರ್ರೆನ್ನುವ ಸದ್ದು ಬರುತ್ತಿತ್ತು. ಬೇಸಿಗೆಯಲ್ಲಿ ಇದು ಮಾಮೂಲು, ಎಲ್ಲೋ ನೂರಾರು ಕಿಲೋಮೀಟರ್ ಆಚೆಯ ಮಿಂಚು ಕೂಡ ಹೀಗೆ ಕೇಳಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸದ್ದಿನ ಜಾತಿಯೇ ಬದಲಾಯಿತು. ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದಾಗಿನ ಚುಂಯ್ ಇದೆಯಲ್ಲ, ಅದು ಆರದೆ ಹಾಗೇ ಉಳಿದರೆ ಹೇಗೋ ಹಾಗೆ. ಬರಬರುತ್ತಾ ಏರಿತು. ಯಾವ ಸಂಕೇತವೂ ಇಲ್ಲದಾಗಲೂ ಸಂಕೇತದ ಬಲ ತೋರಿಸುವ ಮೀಟರಿನ ಮುಳ್ಳು ಒಂಬತ್ತರ ಹತ್ತಿರ ನಿಂತಿತ್ತು. ಇದ್ದಕ್ಕಿದ್ದಂತೆ ಪೂರ್ತಿ ನಿಂತು, ಒಂದು ಕ್ಷಣ ಮೌನ, ಮತ್ತೆ ನಿಧಾನವಾಗಿ ಏರತೊಡಗಿತು.

ನಾನು ಮಾಡಿದ್ದು ಇಷ್ಟು: ಬೇಡದ ಸದ್ದನ್ನು ಸೋಸುವ ಫಿಲ್ಟರಿನ ಅಗಲವನ್ನು 500 ಹರ್ಟ್ಸ್‌ನಿಂದ 200ಕ್ಕೆ ಇಳಿಸಿದೆ. ಚುಂಯ್ ಸದ್ದು ಸೊರಗಿತು, ಜಪಾನಿನವನು ಸ್ಪಷ್ಟವಾದ. ಖುಷಿಯಾಯಿತು. ಅದು ಸಾಲದೆಂಬಂತೆ ಅವನಿಗೆ ಕ್ಯೂಆರ್‌ಎನ್ ಎಂದು ನನ್ನ ಕೈಯಾರೆ ಎರಡು ಸಲ ಕಳಿಸಿದೆ. ಕ್ಯೂಆರ್‌ಎನ್ ಎಂದರೆ ವಾತಾವರಣದ ವಿದ್ಯುತ್ತಿನ ಗದ್ದಲ ನನಗೆ ತೊಂದರೆ ಕೊಡುತ್ತಿದೆ ಎಂದು ಅರ್ಥ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಸಂಕೇತ. ಜಪಾನಿಗೆ ಸುದ್ದಿ ಮುಟ್ಟಿಸಿದೆ, ನನಗೇ ಮುಟ್ಟಲಿಲ್ಲ.

ಈಗ ಗೊತ್ತಾಗಿರುವುದನ್ನು ಇಲ್ಲೇ ಹೇಳುತ್ತೇನೆ. ಬಿಡಿಬಿಡಿಯಾಗಿ ಛರ್ರೆನ್ನುವುದು ದೂರದ ಮಿಂಚು ಇರಬಹುದು. ಎಡೆಬಿಡದೆ ಏರುವ ಚುಂಯ್ ಮಾತ್ರ ದೂರದ್ದಲ್ಲ, ಅದು ನಿಮ್ಮದೇ ತಂತಿಯ ತುದಿಯಿಂದ ಗಾಳಿಗೆ ವಿದ್ಯುತ್ ಸೋರುತ್ತಿರುವ ಸದ್ದು. ತಲೆಯ ಮೇಲಿನ ಮೋಡ ಅಷ್ಟು ತುಂಬಿಕೊಂಡಿದೆ ಎಂದರ್ಥ. ಹತ್ತಿರದಲ್ಲೇ ಒಂದು ಮಿಂಚು ಹೊಡೆದಾಗ ಆ ಒತ್ತಡ ಥಟ್ಟನೆ ಇಳಿಯುತ್ತದೆ, ಸದ್ದೂ ನಿಲ್ಲುತ್ತದೆ; ಮೋಡ ಮತ್ತೆ ತುಂಬಿಕೊಂಡಂತೆ ಸದ್ದು ಮತ್ತೆ ಏರುತ್ತದೆ. ನಾನು ‘ಅಬ್ಬಾ, ನಿಂತಿತು’ ಎಂದುಕೊಂಡ ಒಂದೊಂದು ಮೌನವೂ ಒಂದೊಂದು ಮಿಂಚಾಗಿತ್ತು.

ಅಷ್ಟರಲ್ಲಿ ಪ್ಯಾಡಲ್ ಹಿಡಿದ ಬೆರಳಿಗೆ ಚುರುಕ್ಕೆಂದಿತು. ಚಗಳಿ ಕಚ್ಚಿತೆಂದು ಕೈ ಕೊಡವಿದೆ. ಎರಡನೆಯ ಸಲ ಹಿತ್ತಾಳೆಯ ಸ್ಕ್ರೂವಿನಿಂದ ಬೆರಳಿಗೆ ಸಣ್ಣ ಕಿಡಿ ಹಾರಿದ್ದು ಕಣ್ಣಿಗೇ ಕಂಡಿತು. ತಲೆ ಎತ್ತಿ ನೋಡಿದೆ: ಪಶ್ಚಿಮದ ಇಡೀ ಆಕಾಶ ಕಾಡಿಗೆ ಬಳಿದಂತೆ ನನ್ನ ಬೆನ್ನಿಗೇ ಬಂದು ನಿಂತಿದೆ. ಕೆಳಗೆ ಸಿಲ್ವರ್ ಓಕ್ ಮರಗಳ ಅಂಚಿನಲ್ಲಿ ರೈಟರ್ ಟವಲ್ ಬೀಸುತ್ತಾ ಕೂಗುತ್ತಿದ್ದಾರೆ. ಹತ್ತು ನಿಮಿಷದಿಂದ ಕೂಗುತ್ತಿದ್ದರಂತೆ.

ಅಲ್ಲಿಗೇ ಎದ್ದು ಓಡಿದ್ದರೆ ರೇಡಿಯೊವಾದರೂ ಉಳಿಯುತ್ತಿತ್ತು. ನಾನು ಮೊದಲು ಆಂಟೆನಾ ಬಿಚ್ಚಲು ಹೋದೆ. ಎಡಗೈಯಲ್ಲಿ ರೇಡಿಯೊ, ಬಲಗೈಯಲ್ಲಿ ಕೇಬಲ್ಲಿನ ಕನೆಕ್ಟರ್. ತಿರುಗಿಸಿ ಎಳೆದದ್ದೇ ತಡ, ಟಪ್ಪೆಂದು ನೀಲಿ ಕಿಡಿ. ಮೊಣಕೈವರೆಗೆ ಯಾರೋ ಕೊಡಲಿಯ ಹಿಂಬದಿಯಿಂದ ಬಡಿದಂತಾಯಿತು. ಎಲ್ಲವನ್ನೂ ಅಲ್ಲೇ ಎಸೆದು ಇಳಿಜಾರಿನಲ್ಲಿ ಓಡಿದೆ. ಮೊದಲ ದೊಡ್ಡ ಮರದ ಬುಡಕ್ಕೆ ನುಗ್ಗುತ್ತಿದ್ದವನನ್ನು ರೈಟರ್ ತೋಳು ಹಿಡಿದು ಆಚೆಗೆಳೆದರು. ಜೀಪ್ ಇತ್ತು, ಆದರೆ ಅದಕ್ಕಿರುವುದು ಟಾರ್ಪಾಲಿನ ಹುಡ್. ಸಿಡಿಲಿಗೆ ಅದು ಕೊಡೆಗಿಂತ ಹೆಚ್ಚೇನಲ್ಲ. ಕಾಫಿ ಗೋದಾಮಿನೊಳಕ್ಕೆ ಸೇರಿಕೊಂಡ ಮೇಲೆಯೇ ಉಸಿರು ಬಿಟ್ಟದ್ದು. ಮುಂದಿನ ಅರ್ಧ ಗಂಟೆ ಗುಡ್ಡದ ಮೇಲೆ ಏನು ನಡೆಯಿತೆಂದು ವರ್ಣಿಸುವ ಆಸೆ ನನಗಿಲ್ಲ. ಬಾಗಿಲ ಸಂದಿಯಿಂದ ನೋಡಿದ್ದು ಸಾಕು.

ನಾನು ನಂಬಿದ್ದ ಎರಡು ಮಾತುಗಳು ಸುಳ್ಳಾದವು. ಒಂದು, ‘4 ವಾಟ್ ತಾನೇ, ಬ್ಯಾಟರಿ ತಾನೇ’ ಎಂಬುದು. ಅಪಾಯ ಬರುವುದು ನನ್ನ ವಾಟ್‌ಗಳಿಂದಲ್ಲ. ಇನ್ನೊಂದು, ‘ಫೈಬರ್‌ಗ್ಲಾಸ್ ಕೋಲಿನಲ್ಲಿ ವಿದ್ಯುತ್ ಹರಿಯುವುದಿಲ್ಲ’ ಎಂಬುದು. ಕೋಲಿನಲ್ಲಿ ಹರಿಯದು, ನಿಜ, ಆದರೆ ಅದಕ್ಕೆ ಸುತ್ತಿದ್ದು ತಾಮ್ರದ ತಂತಿ. ಆ ತಂತಿ, ಕೇಬಲ್, ರೇಡಿಯೊ, ಬ್ಯಾಟರಿ, ಕೀ ಎಲ್ಲವೂ ಒಂದಕ್ಕೊಂದು ಸೇರಿಕೊಂಡು ನೆಲದಿಂದ ಮಾತ್ರ ಬೇರೆಯಾಗಿ ನಿಂತಿದ್ದವು. ಮೋಡದ ಕೆಳಗೆ ಅಷ್ಟೂ ಚಾರ್ಜು ತುಂಬಿಕೊಂಡಿತು. ನೆಲಕ್ಕಿಳಿಯಲು ಅದಕ್ಕಿದ್ದ ಒಂದೇ ದಾರಿ, ಚಾಪೆಯ ಮೇಲೆ ಕುಳಿತಿದ್ದ ನಾನು.

ಇದು ಹೊಸ ಸಂಗತಿಯೇನಲ್ಲ. 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನಿ ಗೇಯೋರ್ಗ್ ರಿಖ್ಮನ್ ಮೋಡದ ವಿದ್ಯುತ್ತನ್ನು ಅಳೆಯಲೆಂದು ನೆಲಕ್ಕೆ ತಾಗದ ಲೋಹದ ಸರಳೊಂದನ್ನು ಮನೆಯೊಳಕ್ಕೆ ತಂದು, ಗುಡುಗಿನ ಹೊತ್ತಿನಲ್ಲಿ ಅದರ ಬಳಿ ಬಗ್ಗಿದಾಗ ಸತ್ತ. ನನ್ನ ಏರ್ಪಾಡಿಗೂ ಅವನದಕ್ಕೂ ತಾತ್ವಿಕವಾಗಿ ವ್ಯತ್ಯಾಸವಿಲ್ಲ. ಅದೇ ಊರಿನಲ್ಲಿ 1895ರಲ್ಲಿ ಅಲೆಕ್ಸಾಂಡರ್ ಪೊಪೋವ್ ತೋರಿಸಿದ ರೇಡಿಯೊ ಗ್ರಾಹಕ ದೂರದ ಮಿಂಚನ್ನು ಪತ್ತೆಹಚ್ಚುತ್ತಿತ್ತು. ಮಿಂಚನ್ನು ಹೇಳಿಕೊಡುವುದು ಈ ಯಂತ್ರದ ಹುಟ್ಟುಗುಣ, ನಾನು ಫಿಲ್ಟರ್ ಹಾಕಿ ಅದರ ಬಾಯಿ ಮುಚ್ಚಿಸಿದೆ.

ಇನ್ನು ಆ 1,200 ರೂಪಾಯಿಯ ತುಂಡು. ಅದರೊಳಗಿರುವುದು ಅನಿಲ ತುಂಬಿದ ಪುಟ್ಟ ನಳಿಕೆ. ಒತ್ತಡ ಮಿತಿ ಮೀರಿದಾಗ ಅದನ್ನು ನೆಲಕ್ಕೆ ದಾಟಿಸುವುದು ಅದರ ಕೆಲಸ. ಮಗ್ಗುಲಿನ ಸ್ಕ್ರೂವಿನಿಂದ ದಪ್ಪ ತಂತಿ ಎಳೆದು ಅರ್ಥಿಂಗ್ ಮಾಡದಿದ್ದರೆ ಅದು ಬರೀ ಕನೆಕ್ಟರ್, ಅಷ್ಟೇ. ಮಾರಿದವರ ಪುಟದಲ್ಲಿ ‘ಗುಡ್ಡದ ಮೇಲೂ ನಿಶ್ಚಿಂತೆ’ ಎಂದಿತ್ತು. ಅರ್ಥಿಂಗಿನ ಸುದ್ದಿಯೇ ಇರಲಿಲ್ಲ. ವಾಪಸ್ ಕೇಳಿದರೆ ‘ನೀವು ಸರಿಯಾಗಿ ಅಳವಡಿಸಿಲ್ಲ’ ಎಂಬ ಉತ್ತರ. ಸರಿಯಾಗಿ ಅಳವಡಿಸಿದ್ದರೂ ನೇರ ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ ಎಂಬುದು ಬೇರೆ ಮಾತು.

ಈಗ ನಾನು ಕಬ್ಬಿಣದ ಗೂಟವೊಂದನ್ನು ಒಯ್ದು ಕೇಬಲ್ಲಿನ ಲೋಹದ ಹೊರಕವಚವನ್ನು ನೆಲಕ್ಕೆ ಕಟ್ಟುತ್ತೇನೆ. ಒಣಗಾಳಿಗೆ ಸಣ್ಣಗೆ ತುಂಬುವ ಚಾರ್ಜು ಅದರಿಂದ ಇಳಿದುಹೋಗುತ್ತದೆ, ಸಿಡಿಲಿನಿಂದ ಮಾತ್ರ ಅದು ಯಾರನ್ನೂ ಕಾಪಾಡದು. ಒಂದು ಕಿವಿ ಯಾವಾಗಲೂ ತೆರೆದಿರುತ್ತದೆ. ಹೊರಡುವ ಮುಂಚೆ ನಮ್ಮ ರಾಜ್ಯದ ‘ಸಿಡಿಲು’ ಆ್ಯಪ್ ನೋಡುತ್ತೇನೆ, ರೈಟರನ್ನೂ ಕೇಳುತ್ತೇನೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿಲೋಮೀಟರಿನೊಳಗಿದೆ. ಆಗ ಪಕ್ಕಾ ಕಟ್ಟಡ ಅಥವಾ ಲೋಹದ ಮೈಯ ಮುಚ್ಚಿದ ಕಾರು ಸೇರಬೇಕು, ಕೊನೆಯ ಗುಡುಗಿನ ಬಳಿಕ 30 ನಿಮಿಷ ಹೊರಗೆ ಬರಬಾರದು. ಗುಡುಗು ಕೇಳಿದ ಮೇಲೆ ಕೇಬಲ್ ಬಿಚ್ಚುವ, ಕೋಲು ಇಳಿಸುವ, ರೇಡಿಯೊ ಉಳಿಸುವ ಕೆಲಸ ಬೇಡವೇ ಬೇಡ. ಬಿಟ್ಟು ನಡೆಯಿರಿ.

ಮರುದಿನ ಬೆಳಿಗ್ಗೆ ಮೇಲೆ ಹೋದಾಗ ಕೋಲು ನಿಂತ ಹಾಗೇ ನಿಂತಿತ್ತು. ರೇಡಿಯೊ ಒದ್ದೆಯಾಗಿ ಹುಲ್ಲಿನಲ್ಲಿ ಬಿದ್ದಿತ್ತು. ಒಣಗಿಸಿ ಬ್ಯಾಟರಿ ಕೊಟ್ಟರೆ ಪರದೆ ಬೆಳಗುತ್ತದೆ, 4 ವಾಟ್ ಹೊರಡುತ್ತದೆ, ಕೇಳುವ ಕಡೆ ಮಾತ್ರ ಸತ್ತಿದೆ. ಬಿಡಿಭಾಗಕ್ಕೆ ಬರೆದು ಐದು ವಾರವಾಯಿತು. ಕೆಲಸದ ಹೆಂಗಸರು ಆ ಕೋಲನ್ನು ಇಳಿಸುವವರೆಗೂ ಬೋಳುಗುಡ್ಡದ ದಾರಿ ಬಿಟ್ಟು ಹಳ್ಳದ ಕಡೆಯಿಂದ ಸುತ್ತಿಕೊಂಡು ಹೋದರು ಎಂದು ಮಾವ ಫೋನಿನಲ್ಲಿ ಹೇಳಿದರು.