ಲೀಕ್ ಹುಡುಕುವ ಪಂಪು ಮತ್ತು ಯುವಿ ಟಾರ್ಚು: ಮಲೆನಾಡಿನ ಮಳೆಯಲ್ಲಿ ಬಳಸಿದವನ ವಿಮರ್ಶೆ

ಮೊದಲೇ ಅಂಕ ಹೇಳಿಬಿಡುತ್ತೇನೆ. ರೇಡಿಯೇಟರ್ ಪ್ರೆಷರ್ ಟೆಸ್ಟರ್ ಪಂಪಿಗೆ ಐದಕ್ಕೆ ಐದು. ಯುವಿ ಡೈ (ನೇರಳಾತೀತ ಬೆಳಕು ಬಿದ್ದರೆ ಹೊಳೆಯುವ ಬಣ್ಣ) ಮತ್ತು ಟಾರ್ಚಿಗೆ ಬೇಸಿಗೆಯಲ್ಲಿ ನಾಲ್ಕು, ಮಳೆಗಾಲದಲ್ಲಿ ಎರಡು. ಎರಡನ್ನೂ ಆನ್‌ಲೈನಲ್ಲಿ ತರಿಸಿದ್ದು. ಹೇಳಿಕೊಳ್ಳುವಂಥ ಬ್ರ್ಯಾಂಡ್ ಏನಲ್ಲ, ಒಂದೇ ಮಾಲು ಹತ್ತಾರು ಹೆಸರಿನ ಪೆಟ್ಟಿಗೆಯಲ್ಲಿ ಬರುತ್ತದೆ. ಹಾಗಾಗಿ ಕಂಪನಿ ಯಾವುದು ಅಂತ ಕೇಳಬೇಡಿ. ವರ್ಷಗಟ್ಟಲೆ ಬಳಸಿದ ಮೇಲೆ ಯಾವುದು ದುಡ್ಡಿಗೆ ತಕ್ಕ ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅನ್ನುವುದಷ್ಟೇ ಇಲ್ಲಿ.

ನನ್ನದು ಹಳೆಯ 800 ಸಿಸಿ ಪೆಟ್ರೋಲ್ ಕಾರು, ಮೂರು ಸಿಲಿಂಡರ್. ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಸೊಸೈಟಿ, ಅಂಗಡಿ, ಡೈರಿ ಅಂತ ದಿನಾ ಸಣ್ಣ ಓಡಾಟ, ಆಗಾಗ ಶಿವಮೊಗ್ಗ, ಮದುವೆ ಮುಂಜಿ ಇದ್ದರೆ ಘಾಟಿ ಇಳಿದು ಉಡುಪಿ. ಇಂಥ ಕಾರಿನಲ್ಲಿ ಆಯಿಲ್ ಸ್ವಲ್ಪ ಜಿನುಗುವುದು ಹೊಸ ಸುದ್ದಿಯಲ್ಲ. ಎಲ್ಲಿಂದ ಜಿನುಗುತ್ತಿದೆ ಅಂತ ಕಂಡುಹಿಡಿಯುವುದೇ ನಮ್ಮೂರಿನಲ್ಲಿ ಕಷ್ಟ. ಜೂನ್ ಶುರುವಾದರೆ ಸೆಪ್ಟೆಂಬರ್ ಮುಗಿಯುವವರೆಗೆ ಕಾರಿನ ಹೊಟ್ಟೆ ಒಣಗುವುದೇ ಇಲ್ಲ. ಆಯಿಲ್ ಬಿದ್ದಲ್ಲಿ ಕೆಂಪು ಕೆಸರು ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಅದರ ಮೇಲೆ ಇನ್ನಷ್ಟು ಆಯಿಲ್, ಇನ್ನಷ್ಟು ಕೆಸರು. ಚೇಂಬರ್ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಕೆಳಗೆ ಕೈ ಹಾಕಿದರೆ ಎಲ್ಲಾ ಕಡೆ ಒದ್ದೆ. ಅದರಲ್ಲಿ ಮಳೆ ನೀರೆಷ್ಟು, ಎಸಿ ನೀರೆಷ್ಟು, ಆಯಿಲ್ ಎಷ್ಟು ಅಂತ ದೇವರಿಗೇ ಗೊತ್ತು.

ಪಂಪಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಕಿಸೆ ಉಳಿಸಿದ್ದು ಅದು.

ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ನೋಡಿರಬಹುದು. ಆ ಒತ್ತಡದವರೆಗೆ ಮುಚ್ಚಳ ಕೂಲಂಟನ್ನು (ಎಂಜಿನ್ ತಣಿಸುವ ದ್ರವ) ಒಳಗೇ ಹಿಡಿದಿಡುತ್ತದೆ ಅಂತ ಅರ್ಥ. ಒತ್ತಡ ಏರಿದಷ್ಟೂ ಕುದಿಯುವ ಬಿಂದು ಮೇಲೆ ಹೋಗುತ್ತದೆ. 0.9 ಬಾರ್ ಒತ್ತಡದಲ್ಲಿ ಬರೀ ನೀರೇ 118 ಡಿಗ್ರಿ ಆಸುಪಾಸಿನವರೆಗೆ ಕುದಿಯದೆ ತಡೆಯುತ್ತದೆ. ಅಂದರೆ ಎಂಜಿನ್ ಬಿಸಿಯಾಗಿ ಓಡುವಾಗ ಹೋಸ್, ವಾಟರ್ ಪಂಪು, ರೇಡಿಯೇಟರ್ ಎಲ್ಲದರ ಮೇಲೂ ಒತ್ತಡ ಇರುತ್ತದೆ. ನಿಲ್ಲಿಸಿ, ತಣ್ಣಗಾದ ಮೇಲೆ ನಾವು ಬಾನೆಟ್ ಎತ್ತಿ ನೋಡುವ ಹೊತ್ತಿಗೆ ಒತ್ತಡವೂ ಇಲ್ಲ, ಲೀಕೂ ಇಲ್ಲ. ಟೆಸ್ಟರ್ ಮಾಡುವುದು ಇಷ್ಟೇ: ಎಂಜಿನ್ ತಣ್ಣಗಿರುವಾಗಲೇ ಮುಚ್ಚಳದ ಜಾಗಕ್ಕೆ ಕೂತು, ಕೈಯಲ್ಲಿ ಪಂಪು ಹೊಡೆದು, ಓಡುವಾಗಿನ ಒತ್ತಡವನ್ನು ನಿಂತಲ್ಲೇ ಕೊಡುವುದು. ಮೀಟರ್ ಮುಳ್ಳು ಹತ್ತು ಹದಿನೈದು ನಿಮಿಷ ನಿಂತಲ್ಲೇ ನಿಂತರೆ ಸರಿ. ಇಳಿದರೆ ಎಲ್ಲೋ ಹೋಗುತ್ತಿದೆ. ಮುಚ್ಚಳದ ಮೇಲಿನ ಅಂಕಿ ದಾಟಿ ಮಾತ್ರ ಹೊಡೆಯಬೇಡಿ, ಹಳೇ ರೇಡಿಯೇಟರ್ ಆದರೆ ಇಲ್ಲದ ಲೀಕನ್ನು ನೀವೇ ಮಾಡಿದ ಹಾಗಾಗುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬಾರದು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ನನ್ನ ಕಾರಿನಲ್ಲಿ ಕೂಲಂಟ್ ಕಡಿಮೆಯಾಗುತ್ತಿತ್ತು, ನೆಲದ ಮೇಲೆ ಒಂದು ಹನಿಯೂ ಇರುತ್ತಿರಲಿಲ್ಲ. ಪೇಟೆಯ ಒಂದು ಗ್ಯಾರೇಜಿನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗಿನ ಬಿಳಿ ಲೋಳೆ ತೋರಿಸಿದರು.

"ರಾಯ್ರೆ, ಇದು ಹೆಡ್ ಗ್ಯಾಸ್ಕೆಟ್ಟೇ. ನೀರು ಆಯಿಲಿಗೆ ಸೇರ್ತಾ ಉಂಟು. ಹೆಡ್ ಬಿಚ್ಚೂದೇ."

"ಬಿಚ್ಚೂದು ಇದ್ದೇ ಉಂಟು ಮಾರಾಯ್ರೆ. ಮೊದಲು ಪಂಪ್ ಹಾಕಿ ನೋಡುವ" ಅಂದೆ.

ಈ ಬಿಳಿ ಲೋಳೆಯ ವಿಷಯದಲ್ಲಿ ಎಷ್ಟು ಜನ ದುಡ್ಡು ಕಳೆದುಕೊಂಡಿದ್ದಾರೋ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಪ್ಯಾಕಿಂಗ್, ಹೋದಾಗ ಅದು ಬರುತ್ತದೆ, ಸುಳ್ಳಲ್ಲ. ಆದರೆ ಆಗುಂಬೆ ಸೀಮೆಯ ಮಳೆಗಾಲದಲ್ಲಿ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಯಾವ ಕಾರಿನ ಮುಚ್ಚಳ ತೆಗೆದರೂ ಅದು ಇರಬಹುದು. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಂತುಬಿಡುತ್ತದೆ. ಒಳಗಿನ ಆವಿ ಎಂಜಿನ್ ನೆತ್ತಿಯ ತಣ್ಣನೆಯ ಟ್ಯಾಪೆಟ್ ಕವರಿಗೆ ತಾಗಿ ನೀರಾಗುತ್ತದೆ, ಆಯಿಲ್ ಜೊತೆ ಕಲಸಿಕೊಳ್ಳುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಅದರಲ್ಲಿ ಆಯಿಲ್ ತನ್ನ ಬಣ್ಣದಲ್ಲೇ ಇದ್ದು, ಮಟ್ಟ ಏರದೆ, ರೇಡಿಯೇಟರಿನಲ್ಲಿ ಎಣ್ಣೆ ಪಸೆ ತೇಲದೆ ಇದ್ದರೆ ಗಾಬರಿ ಬೀಳುವ ಮೊದಲು ಶಿವಮೊಗ್ಗಕ್ಕೆ ಒಂದು ಸಲ ಹೋಗಿ ಬನ್ನಿ. ಅರವತ್ತು ಚಿಲ್ಲರೆ ಕಿಲೋಮೀಟರ್ ಬಿಸಿಯಾಗಿ ಓಡಿದ ಮೇಲೆ ಮುಚ್ಚಳದ ಲೋಳೆ ಬಹುಪಾಲು ಹೋಗಿರುತ್ತದೆ.

ಪಂಪು ಹಾಕಿದಾಗ ಮುಳ್ಳು ಬಹಳ ನಿಧಾನ ಇಳಿಯಿತು. ಹೋಸ್ ಕ್ಲಿಪ್ ಎಲ್ಲಾ ಒಣ. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಕೂಡುವ ಅಂಚೂ ಒಣ. ಕೊನೆಗೆ ವಾಟರ್ ಪಂಪಿನ ಪುಲ್ಲಿ ಹಿಂದೆ ಟಾರ್ಚ್ ಬಿಟ್ಟ ಗ್ಯಾರೇಜಿನ ಹುಡುಗ "ಅಣ್ಣಾ, ಇಲ್ಲಿ ಬೆವರ್ತಾ ಇದೆ" ಅಂದ. ಬಗ್ಗಿ ನೋಡಿದರೆ ಪಂಪಿನ ಮೈಯಲ್ಲಿ ಬೆಂಕಿಕಡ್ಡಿ ತೂರುವಷ್ಟು ರಂಧ್ರ, ಅದರ ಕೆಳಗೆ ಹಸಿರು ಮಿಶ್ರಿತ ಬಿಳಿ ಪುಡಿ ಒಣಗಿ ಅಂಟಿಕೊಂಡಿದೆ. ರಂಧ್ರದ ತುಟಿಯಲ್ಲಿ ಒಂದು ಹನಿ ಕಟ್ಟಿ, ದಪ್ಪಗಾಗಿ, ಬ್ಲಾಕಿನ ಅಂಚು ಹಿಡಿದು ಜಾರುತ್ತಿತ್ತು. ಅದು ತುಕ್ಕು ಹಿಡಿದು ಬಿದ್ದ ರಂಧ್ರವಲ್ಲ, ಕಂಪನಿಯವರೇ ಬಿಟ್ಟದ್ದು. ಪಂಪಿನ ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ಹೋಗದೆ ಹೊರಗೆ ಬರಲಿ ಅಂತ. ಓಡುವಾಗ ಹನಿ ಹನಿ ಬಂದದ್ದು ಬಿಸಿ ಬ್ಲಾಕಿನ ಮೇಲೆ ಅಲ್ಲೇ ಆರಿ ಹೋಗುತ್ತಿತ್ತು, ಅದಕ್ಕೇ ನೆಲಕ್ಕೆ ಬೀಳುತ್ತಿರಲಿಲ್ಲ. ಹೆಡ್ ಬಿಚ್ಚಲಿಲ್ಲ. ಹೇಗೂ ಮುಂಭಾಗ ಬಿಚ್ಚಬೇಕಲ್ಲ ಅಂತ ಹೊಸ ಪಂಪಿನ ಜೊತೆಗೇ ಟೈಮಿಂಗ್ ಬೆಲ್ಟ್ ಹಾಕಿಸಿದೆ, ಅದು ಜೋಡಿಸುವ ಎರಡು ದಂಡಗಳಾದ ಕ್ರ್ಯಾಂಕ್ ಮತ್ತು ಕ್ಯಾಮಿನ ಆಯಿಲ್ ಸೀಲ್ ಕೂಡ. ಆ ಸೀಲಿನ ಆಯಿಲ್ ಬೆಲ್ಟಿಗೆ ತಾಗಿದರೆ ರಬ್ಬರ್ ಹಾಳಾಗುತ್ತದೆ. ಸೀಲಿನ ಬೆಲೆ ನೋಡಿದರೆ ಅದನ್ನು ಬಿಡುವುದರಲ್ಲಿ ಅರ್ಥವಿಲ್ಲ.

ಆಮೇಲೆ ಚಳಿಗಾಲದಲ್ಲಿ ಇನ್ನೊಂದು ತರಹದ ಲೀಕ್ ಸಿಕ್ಕಿತು. ಬೆಳಿಗ್ಗೆ ಮಾತ್ರ ಹನಿ, ಬಿಸಿಲೇರಿದರೆ ಇಲ್ಲ. ತಣ್ಣಗಾದಾಗ ಹೋಸೂ ಅದು ಕೂರುವ ಕೊಳವೆಯೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ, ಕ್ಲಿಪ್ಪಿನ ಹಿಡಿತ ಸಡಿಲವಾಗುತ್ತದೆ. ಬಿಸಿಯಾದರೆ ಮತ್ತೆ ಬಿಗಿ. ಡಿಸೆಂಬರಿನ ಮುಂಜಾನೆ, ಕಾರು ಶುರು ಮಾಡುವ ಮೊದಲೇ ಪಂಪು ಹಾಕಿದರೆ ಮಾತ್ರ ಇದು ಸಿಗುತ್ತದೆ. ಹತ್ತು ಗಂಟೆಗೆ ಗ್ಯಾರೇಜಿಗೆ ಒಯ್ದರೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ, ನಿಮ್ಮನ್ನೇ ಅನುಮಾನದಿಂದ ನೋಡುತ್ತಾರೆ. ಪಂಪು ಮನೆಯಲ್ಲೇ ಇರಬೇಕು ಅಂತ ನಾನು ಹೇಳುವುದು ಇದಕ್ಕೇ.

ಕಾರಿನೊಳಗೆ ಎಡಗಾಲಿನ ಕಡೆ ಕಾರ್ಪೆಟ್ ಒದ್ದೆಯಾದರೆ? ಬಾಗಿಲ ರಬ್ಬರಿನಿಂದ ಬಂದ ಮಳೆ ನೀರೇ ಇರಬಹುದು. ಮುಟ್ಟಿ ನೋಡಿ, ಜಿಡ್ಡು ಜಿಡ್ಡಾಗಿ ಸಿಹಿ ವಾಸನೆ ಬಂದರೆ, ಮುಂದಿನ ಗಾಜಿನ ಮೇಲೆ ಒರೆಸಿದರೂ ಹೋಗದ ಮಬ್ಬು ಕೂತರೆ ಅದು ಹೀಟರ್ ಕೋರ್ (ಕಾರಿನೊಳಗೆ ಬಿಸಿಗಾಳಿ ಕೊಡಲು ಬಿಸಿ ಕೂಲಂಟ್ ಹಾಯುವ ಸಣ್ಣ ರೇಡಿಯೇಟರ್) ಲೀಕ್.

ಈಗ ಡೈ. ಆಯಿಲಿಗೆ ಒಂದು ಬಾಟಲಿ, ಕೂಲಂಟಿಗೆ ಬೇರೆ ಬಾಟಲಿ. ಒಂದು ಎಣ್ಣೆಯಲ್ಲಿ ಕರಗುವುದು, ಇನ್ನೊಂದು ನೀರಿನಲ್ಲಿ, ಅದಲುಬದಲು ಮಾಡುವಂತಿಲ್ಲ. ಹಾಕಿ ಸ್ವಲ್ಪ ದಿನ ಓಡಿಸಿ, ಕತ್ತಲಲ್ಲಿ ನೇರಳೆ ಟಾರ್ಚ್ ಬಿಟ್ಟು, ಜೊತೆಗೆ ಕೊಡುವ ಹಳದಿ ಕನ್ನಡಕ ಹಾಕಿಕೊಂಡು ನೋಡಿದರೆ ಲೀಕ್ ಆದ ದಾರಿ ಹಳದಿ ಹಸಿರಾಗಿ ಹೊಳೆಯುತ್ತದೆ. ಜಾಹೀರಾತಿನಲ್ಲಿ ಇಷ್ಟೇ ಇರುತ್ತದೆ. ಎಂಜಿನ್ ತೊಳೆಯದೆ ಡೈ ಹಾಕಿದರೆ ಕೆಸರಿನ ಪದರದ ಅಡಿಯಲ್ಲಿ ಏನೂ ಕಾಣುವುದಿಲ್ಲ ಅನ್ನುವುದನ್ನು ಯಾರೂ ಬರೆಯುವುದಿಲ್ಲ. ಡೀಸೆಲ್, ಬ್ರಷ್, ಹಳೇ ಬನಿಯನ್ ಬಟ್ಟೆ ಹಿಡಿದು ಒಂದು ಮಧ್ಯಾಹ್ನ ಕೂರಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಹೊಡೆಸುವ ಆಸೆ ಬೇಡ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ನೀರು ಹೊಕ್ಕರೆ ಕಾರು ಅಲ್ಲಿಂದ ಹೊರಡುವುದಿಲ್ಲ. ಇನ್ನೊಂದು ತಕರಾರು: ಹಸಿರು ಕೂಲಂಟಿನಲ್ಲಿ ಕಾರ್ಖಾನೆಯಲ್ಲೇ ಹೊಳೆಯುವ ಬಣ್ಣ ಹಾಕಿರುವುದು ಹೆಚ್ಚು. ಅದು ಈ ಟಾರ್ಚಿಗೆ ತಾನೇ ಹೊಳೆಯುತ್ತದೆ. ಹಾಗಾಗಿ ಕೂಲಂಟಿನ ಡೈ ಬಾಟಲಿ ನನಗೆ ಬೇಕಾಗಲೇ ಇಲ್ಲ, ಆದರೆ ಹೊಳೆಯುತ್ತಿರುವುದು ಆಯಿಲೋ ಕೂಲಂಟೋ ಅಂತ ಬೆರಳಲ್ಲಿ ಮುಟ್ಟಿಯೇ ತಿಳಿಯಬೇಕಾಯಿತು. ಬಟ್ಟೆ ಸೋಪಿನ ಪುಡಿ ಬಿದ್ದ ಜಾಗವೂ ನೀಲಿಯಾಗಿ ಹೊಳೆಯುತ್ತದೆ.

ಚೇಳೂ ಹೊಳೆಯುತ್ತದೆ. ಮಳೆಗಾಲದಲ್ಲಿ ಸೌದೆ ಕೊಟ್ಟಿಗೆಗೆ ಹೋಗುವಾಗ ಈಗ ಮನೆಯವರು ಒಯ್ಯುವುದು ಇದೇ ಟಾರ್ಚು. ಕಾರಿಗಿಂತ ಅಲ್ಲೇ ಅದರ ಉಪಯೋಗ ಜಾಸ್ತಿ ಆಯಿತು ಅಂದರೂ ತಪ್ಪಿಲ್ಲ.

ಆದರೂ ಡೈ ಒಂದು ಸಲ ಒಳ್ಳೆಯ ಕೆಲಸ ಮಾಡಿತು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಕೆಳಗೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಅಲ್ಲಿ ಆಯಿಲ್ ಕಂಡರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು. ಸೀಲ್ ಅಗ್ಗ, ಇಳಿಸಿ ಏರಿಸುವ ಕೂಲಿ ದೊಡ್ಡದು. ಬೇಸಿಗೆಯಲ್ಲಿ ತೊಳೆದು, ಡೈ ಹಾಕಿ, ರಾತ್ರಿ ಟಾರ್ಚ್ ಬಿಟ್ಟೆ. ಹೊಳೆಯುವ ಗೆರೆ ಕೆಳಗಿನಿಂದ ಮೇಲಕ್ಕೆ, ಗೇರ್‌ಬಾಕ್ಸಿನ ನೆತ್ತಿ ದಾಟಿ, ಹೆಡ್ಡಿನ ತುದಿಯಲ್ಲಿ ಡಿಸ್ಟ್ರಿಬ್ಯೂಟರ್ ಕೂರುವ ಜಾಗಕ್ಕೆ ಹೋಗಿ ನಿಂತಿತು. ಅಲ್ಲಿಂದ ಮೇಲೆ ಒಣ. ಒಳಗಿನ ರಬ್ಬರ್ ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಚಹಾ ತಿಂಡಿಯ ದುಡ್ಡಿನಲ್ಲಿ ಕೆಲಸ ಮುಗಿಯಿತು. ಆಯಿಲ್ ಕೆಳಗೆ ಹರಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅಲ್ಲಿ ನೋಡಬೇಕು. ಹನಿ ಬೀಳುವ ಜಾಗಕ್ಕೂ ಲೀಕಿಗೂ ಬಹಳ ಸಲ ಸಂಬಂಧವೇ ಇರುವುದಿಲ್ಲ.

ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೊಸದು ಹಾಕಿದರೂ ಮತ್ತೆ ಜಿನುಗುತ್ತಿದ್ದರೆ ಪಿಸಿವಿ ವಾಲ್ವ್ ಮತ್ತು ಅದರ ಪೈಪ್ ನೋಡಿ. ಅದು ಎಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿ. ಮೊದಲು ಹೇಳಿದ ಬಿಳಿ ಲೋಳೆ ಅಲ್ಲೇ ಕಟ್ಟಿಕೊಂಡರೆ ಒಳಗೆ ಒತ್ತಡ ಹೆಚ್ಚಿ, ಚೆನ್ನಾಗಿರುವ ಸೀಲನ್ನೂ ದಾಟಿ ಆಯಿಲ್ ಹೊರಗೆ ಬರುತ್ತದೆ. ಇದನ್ನು ಯಾವ ಟಾರ್ಚೂ ತೋರಿಸುವುದಿಲ್ಲ. ಹಾಗೆಯೇ ಆಗುಂಬೆಯ ಹದಿನಾಲ್ಕು ತಿರುವು ಎರಡನೇ ಗೇರಿನಲ್ಲಿ ಇಳಿದು ಸೋಮೇಶ್ವರದಲ್ಲಿ ಆಕ್ಸಲರೇಟರ್ ಒತ್ತಿದಾಗ ಹಿಂದೆ ನೀಲಿ ಹೊಗೆ ಬಂದರೆ ಲೀಕ್ ಹುಡುಕುತ್ತಾ ಕೂರಬೇಡಿ. ಇಳಿಜಾರಿನಲ್ಲಿ ಕಾಲು ಬಿಟ್ಟು ಬರುವಾಗ ಎಂಜಿನ್ ಜೋರಾಗಿ ಒಳಕ್ಕೆ ಎಳೆಯುತ್ತದೆ, ಸವೆದ ವಾಲ್ವ್ ಸೀಲಿನ ಮೂಲಕ ಆಯಿಲ್ ಒಳಗೆ ಹೋಗಿ ಸುಡುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಕಡಿಮೆಯಾದದ್ದು ಕಾಣುತ್ತದೆ, ನೆಲದಲ್ಲಿ ಕಾಣುವುದಿಲ್ಲ.

ದುಡ್ಡು ಖರ್ಚು ಮಾಡಲು ಮನಸ್ಸಿಲ್ಲದವರಿಗೆ: ತೊಳೆದು ಒಣಗಿಸಿದ ಎಂಜಿನ್ ಮೇಲೆ ಮುಖದ ಪೌಡರ್ ಉದುರಿಸಿ ಒಂದು ಸುತ್ತು ಓಡಿಸಿದರೂ ಆಯಿಲ್ ಬಂದ ಗೆರೆ ಕಪ್ಪಗೆ ಕಾಣುತ್ತದೆ. ಬೇಸಿಗೆಯಲ್ಲಿ ಮಾತ್ರ. ರಾತ್ರಿ ಕಾರಿನ ಕೆಳಗೆ ಎರಡು ಮೂರು ಒಣ ಅಡಿಕೆ ಹಾಳೆ ಹಾಸಿಡಿ. ಬೆಳಿಗ್ಗೆ ಕಪ್ಪು ಹನಿಯಾದರೆ ಎಂಜಿನ್ ಆಯಿಲ್, ದಪ್ಪಗೆ ಗಂಧಕದ ವಾಸನೆ ಇದ್ದರೆ ಗೇರ್ ಆಯಿಲ್, ಹಸಿರು ಅಥವಾ ಕೆಂಪು ಜಿಡ್ಡಾದರೆ ಕೂಲಂಟ್, ಬರೀ ನೀರಾದರೆ ಎಸಿ. ಕೂಲಂಟ್ ಬಿದ್ದ ಹಾಳೆಯನ್ನು ಹಟ್ಟಿ ಕಡೆ ಎಸೆಯಬೇಡಿ. ಅದು ಸಿಹಿ ಇರುತ್ತದೆ ಅಂತ ನಾಯಿ, ಕರು ನೆಕ್ಕುತ್ತವೆ, ಅದರ ಗ್ಲೈಕಾಲ್ ವಿಷ.

ಮಾಲಿನ ಗುಣಮಟ್ಟ ಹೇಳಬೇಕಲ್ಲ. ಟಾರ್ಚಿನ ಕ್ಲಿಪ್ ಮುರಿದಿದೆ, ಬೆಳಕು ಇನ್ನೂ ಸರಿ ಇದೆ. ಕನ್ನಡಕ ಆಟದ ಸಾಮಾನಿನ ಮಟ್ಟದ್ದು. ಪಂಪಿನ ಮೀಟರ್ ಗಾಜಿನ ಒಳಗೆ ಮಳೆಗಾಲದಲ್ಲಿ ಮಂಜು ಕೂರುತ್ತದೆ, ಅಡುಗೆಮನೆಯ ಒಲೆ ಮೇಲಿನ ಅಟ್ಟದಲ್ಲಿ ಇಟ್ಟರೆ ಕೂರುವುದಿಲ್ಲ. ಪಂಪನ್ನು ರೇಡಿಯೇಟರ್ ಬಾಯಿಗೆ ಕೂರಿಸುವ ಅಡಾಪ್ಟರಿನ ರಬ್ಬರ್ ರಿಂಗ್ ಉಬ್ಬಿ ಕೆಟ್ಟಿತು, ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಅಳತೆ ಕೊಟ್ಟು ಬೇರೆ ತಂದೆ. ಪ್ರತಿ ಸಲ ಹಾಕುವ ಮೊದಲು ಟೆಸ್ಟರೇ ಲೀಕ್ ಇಲ್ಲವೇ ಅಂತ ನೋಡಿಕೊಳ್ಳಿ: ಅದರ ಪೈಪನ್ನು ಮಡಚಿ ಹಿಡಿದು ಎರಡು ಸಲ ಪಂಪು ಹೊಡೆದಾಗ ಮುಳ್ಳು ನಿಲ್ಲಬೇಕು.

ತರಿಸುವ ಮೊದಲು ಬಾನೆಟ್ ಎತ್ತಿ ನಿಮ್ಮ ಕಾರಿನ ಕೂಲಂಟ್ ಮುಚ್ಚಳ ಎಲ್ಲಿದೆ ನೋಡಿ. ರೇಡಿಯೇಟರ್ ಮೇಲೆಯೇ ತಿರುಗಿಸಿ ಲಾಕ್ ಮಾಡುವ ತಗಡಿನ ಮುಚ್ಚಳವಾದರೆ ಒಂದೇ ಅಡಾಪ್ಟರ್ ಇರುವ ಅಗ್ಗದ ಪಂಪು ಸಾಕು. ಪಕ್ಕದ ಪ್ಲಾಸ್ಟಿಕ್ ಡಬ್ಬಿಗೆ ಸ್ಕ್ರೂವಿನಂತೆ ಮರೆ ಇರುವ ಮುಚ್ಚಳವಾದರೆ ಅದಕ್ಕೆ ಹೊಂದುವ ಅಡಾಪ್ಟರ್ ಪೆಟ್ಟಿಗೆಯಲ್ಲಿದೆ ಅಂತ ಮಾರುವವನ ಹತ್ತಿರ ಬರೆಸಿಕೊಂಡೇ ದುಡ್ಡು ಕೊಡಿ.