ಹಾವುರಾಣಿ ಪಾಸ್, ಹಾವು ಫೇಲ್: ಹಸಿ ಬೇಟೆಯ ಸಾಸೇಜ್ ಬಗ್ಗೆ

ಮನೆಯಲ್ಲಿ ಸ್ಕಿಂಕ್ (ಹಾವುರಾಣಿ ಜಾತಿಯ ಹಲ್ಲಿ) ಇದ್ದರೆ, ಸಾಕುಪ್ರಾಣಿಗಳಿಗೆಂದೇ ಮಾಡುವ ಈ ಸಾಸೇಜನ್ನು ಕಣ್ಣುಮುಚ್ಚಿ ತರಿಸಿ. ಕಪ್ಪೆ ಇದ್ದರೆ ಚಿಕ್ಕ ಪ್ಯಾಕ್ ಸಾಕು. ಹಾವು ಮಾತ್ರ ಇದ್ದರೆ ದುಡ್ಡು ಉಳಿಸಿ, ಫ್ರೀಜರ್ ಇಲಿಯನ್ನೇ ಕೊಡಿ.

ನಾವಿರುವುದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಮಗಳ ಹುಚ್ಚಿನಿಂದಾಗಿ ಮನೆಯಲ್ಲಿ ನೀಲಿ ನಾಲಿಗೆಯ ಸ್ಕಿಂಕ್ ಇದೆ. ನಮ್ಮೂರ ಹಾವುರಾಣಿಯ ನೆಂಟನೇ, ಆದರೆ ಒಂದೂವರೆ ಅಡಿ ಉದ್ದ. ಜೊತೆಗೆ ಒಂದು ಪ್ಯಾಕ್‌ಮ್ಯಾನ್ ಕಪ್ಪೆ, ಒಂದು ಬಾಲ್ ಪೈಥಾನ್ (ಹೆಬ್ಬಾವಿನ ಜಾತಿ). ನಾನು ಮೊಟ್ಟೆಯನ್ನೂ ಮುಟ್ಟದವಳು. ಇವರ ಊಟದ ಉಸ್ತುವಾರಿ ಮಾತ್ರ ನನ್ನದೇ!

ಈ ಸಾಸೇಜಿಗೆ ಮೊಲ ಅಥವಾ ಕ್ವೇಲ್ ಹಕ್ಕಿಯನ್ನು ಮೂಳೆ, ಲಿವರ್, ಹೃದಯ ಸಮೇತ ಹಸಿಯಾಗಿಯೇ ರುಬ್ಬಿ, ತೆಳುವಾದ ಕವಚಕ್ಕೆ ತುಂಬಿರುತ್ತಾರೆ. ಬೋನ್‌ಲೆಸ್ ಚಿಕನ್ ಕೊಟ್ಟರೆ ಆಗಲ್ವಾ ಎಂದು ನಮ್ಮವರು ಕೇಳಿದರು. ಆಗುವುದಿಲ್ಲ. ಬರೀ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಅದನ್ನೇ ತಿನ್ನುತ್ತಾ ಹೋದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಇಡೀ ಪ್ರಾಣಿಯನ್ನು ಕೊಟ್ಟರೆ ಮೂಳೆಯೂ ಹೊಟ್ಟೆಗೆ ಹೋಗುತ್ತದಲ್ಲ, ಆ ಚಿಂತೆ ಕಡಿಮೆ. ಹಾಗಂತ ಯುವಿಬಿ ದೀಪ (ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ಅತಿನೇರಳೆ ಬೆಳಕಿನ ದೀಪ) ಬಿಟ್ಟುಬಿಡಬೇಡಿ.

ಸ್ಕಿಂಕ್ ವಾಸನೆ ನೋಡಿದ್ದೇ ತಡ, ನುಂಗಿಬಿಟ್ಟಿತು. ಅದು ಸೊಪ್ಪು, ಕುಂಬಳಕಾಯಿಯನ್ನೂ ತಿನ್ನುವ ಜಾತಿ. ಆದರೆ ಈಗ ತಟ್ಟೆಯಲ್ಲಿ ಸಾಸೇಜ್ ಕಂಡರೆ ಸೊಪ್ಪನ್ನು ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೇ ಸಣ್ಣಗೆ ಹೆಚ್ಚಿ, ಸೊಪ್ಪಿನಲ್ಲಿ ಕಲಸಿ ಕೊಡುತ್ತೇನೆ.

ಕಪ್ಪೆಗೆ ಅಲುಗಾಡುವುದೇ ಊಟ. ಸುಮ್ನೆ ಇಟ್ಟರೆ ಕಲ್ಲಿನಂತೆ ಕೂತಿರುತ್ತದೆ. ಇಕ್ಕಳದಲ್ಲಿ ಹಿಡಿದು ಮೂತಿಯ ಮುಂದೆ ಆಡಿಸಬೇಕು, ಆಗ ಗಬಕ್ಕನೆ ಹಿಡಿಯುತ್ತದೆ. ಅದರ ಮಾಮೂಲಿ ಊಟ ಎರೆಹುಳುವೇ. ಕೊಬ್ಬಿನದ್ದನ್ನು ಪದೇ ಪದೇ ಕೊಟ್ಟರೆ ಊದಿಕೊಳ್ಳುವ ಪ್ರಾಣಿ ಅದು.

ಇನ್ನು ಹಾವು. ಬಾಲ್ ಪೈಥಾನ್‌ಗಳ ಹಟ ಸಾಕಿದವರಿಗೇ ಗೊತ್ತು. ಬೇಟೆಯ ಮೈಬಿಸಿಯನ್ನು ತುಟಿಯ ಮೇಲಿನ ಗುಳಿಗಳಿಂದ ಹಿಡಿಯುತ್ತದೆ, ವಾಸನೆಯೂ ಇಲಿಯದ್ದೇ ಆಗಬೇಕು. ಸಾಸೇಜನ್ನು ಬೆಚ್ಚಗೆ ಮಾಡಿದೆ, ಇಲಿಗೆ ಉಜ್ಜಿ ಕೊಟ್ಟೆ. ನಾಲಿಗೆ ಚಾಚಿ ನೋಡಿ, ತಿರುಗಿ ಹೋಗಿ ಮಲಗಿತು.

ಕರಗಿಸುವುದು ಸುಲಭ. ರಾತ್ರಿ ಫ್ರಿಜ್ಜಿನಲ್ಲಿಟ್ಟು, ಕೊಡುವ ಮುಂಚೆ ಜಿಪ್ ಕವರಿಗೆ ಹಾಕಿ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ. ಮೈಕ್ರೋವೇವ್ ಬೇಡವೇ ಬೇಡ. ಫ್ರೀಜ್ ಮಾಡಿದರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಆದ್ದರಿಂದ ಇಕ್ಕಳ, ಬಟ್ಟಲು ಎಲ್ಲ ಬೇರೆ. ನಮ್ಮಲ್ಲಿ ಗ್ಯಾರೇಜಿನಲ್ಲಿ ಪುಟ್ಟ ಫ್ರೀಜರೇ ಬೇರೆ ಇದೆ. ತೆಂಗಿನ ತುರಿ ಪಕ್ಕ ಮೊಲ ಇಡಲು ನಾನು ಒಪ್ಪಲಿಲ್ಲ.

ಬೆಂಗಳೂರಿನ ಅಕ್ಕನ ಮಗ ತಾನೂ ಸಾಕಬೇಕು ಎನ್ನುತ್ತಿದ್ದಾನೆ. ಅಲ್ಲಿ ನಮ್ಮ ದೇಶದ ಹಾವು, ನಕ್ಷತ್ರ ಆಮೆ ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಜಾತಿಯನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮೊದಲು ಅದನ್ನು ಓದು ಎಂದಿದ್ದೇನೆ.

ದರ ಇಲಿಗಿಂತ ದುಬಾರಿ, ಮೇಲೆ ಡ್ರೈ ಐಸ್ ಸಾಗಣೆಯ ಖರ್ಚು. ಒಮ್ಮೆ ಕೊರಿಯರ್‌ನವರು ತಡ ಮಾಡಿ ಎಲ್ಲ ಕರಗಿಯೇ ಬಂತು. ಅಂಗಡಿಯವರು ತಕರಾರಿಲ್ಲದೆ ಬೇರೆ ಕಳಿಸಿದರು. ಬೇಸಿಗೆಯಲ್ಲಿ ಸೋಮವಾರ ಹೊರಡುವ ಪಾರ್ಸೆಲ್ಲನ್ನೇ ಕೇಳಿ, ವಾರಾಂತ್ಯಕ್ಕೆ ಗೋಡೌನಿನಲ್ಲಿ ಸಿಕ್ಕಿಕೊಳ್ಳಬಾರದು. ಮುಂದಿನ ಸಲ ಕ್ವೇಲ್‌ನದ್ದು ಮಾತ್ರ ತರಿಸುತ್ತೇನೆ.