ಶಸ್ತ್ರಚಿಕಿತ್ಸೆಯ ನಂತರವೂ ಉಳಿದ ಬೆನ್ನುನೋವು: ನಾಲ್ಕು ವರ್ಷ ಬಳಸಿದ ಟೆನ್ಸ್ ಯಂತ್ರದ ವಿಮರ್ಶೆ

ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತಿದ್ದುದರಿಂದ ಐದು ವರ್ಷಗಳ ಹಿಂದೆ ನನಗೆ ಶಸ್ತ್ರಚಿಕಿತ್ಸೆಯಾಯಿತು. ಕಾಲಿನ ಸೆಳೆತ ಕೆಲವೇ ವಾರಗಳಲ್ಲಿ ಬಹುಪಾಲು ಹೋಯಿತು, ಸೊಂಟದ ನೋವು ಮಾತ್ರ ಹೋಗಲಿಲ್ಲ. ಒಂದು ವರ್ಷ ಕಳೆದ ಮೇಲೆ ಮತ್ತೆ ಎಂಆರ್‌ಐ ಮಾಡಿದಾಗ ನರದ ಮೇಲೆ ಯಾವ ಒತ್ತಡವೂ ಇರಲಿಲ್ಲ, ಆದ್ದರಿಂದ ಇನ್ನೊಮ್ಮೆ ಕುಯ್ಯುವುದರಲ್ಲಿ ಅರ್ಥವಿಲ್ಲ ಎಂದು ವೈದ್ಯರು ಹೇಳಿದರು. ಈ ಸ್ಥಿತಿಯನ್ನು ಹಿಂದೆ ‘ಫೇಲ್ಡ್ ಬ್ಯಾಕ್ ಸರ್ಜರಿ ಸಿಂಡ್ರೋಮ್’, ಅಂದರೆ ಬೆನ್ನಿನ ಶಸ್ತ್ರಚಿಕಿತ್ಸೆ ವಿಫಲವಾದ ಸ್ಥಿತಿ, ಎನ್ನುತ್ತಿದ್ದರು. ಶಸ್ತ್ರಚಿಕಿತ್ಸೆ ಸರಿಯಾಗಿಯೇ ನಡೆದವರಲ್ಲೂ ನೋವು ಉಳಿಯಬಹುದಾದ್ದರಿಂದ ಈಗ ‘ಪರ್ಸಿಸ್ಟೆಂಟ್ ಸ್ಪೈನಲ್ ಪೇನ್ ಸಿಂಡ್ರೋಮ್, ಟೈಪ್ 2’ (ಬಿಡದೆ ಉಳಿದ ಬೆನ್ನುಮೂಳೆಯ ನೋವು) ಎಂಬ ಹೆಸರು ಬಳಕೆಗೆ ಬಂದಿದೆ. ಹೆಸರು ಬದಲಾದದ್ದರಿಂದ ನೋವು ಕಡಿಮೆಯಾಗದಿದ್ದರೂ, ಯಾರನ್ನು ದೂರಬೇಕು ಎಂಬ ಯೋಚನೆಯಿಂದ ನನಗೆ ಬಿಡುಗಡೆ ಸಿಕ್ಕಿತು.

ಫಿಸಿಯೋಥೆರಪಿಸ್ಟ್ ಅವರ ಸಲಹೆಯಂತೆ ಎರಡು ವಾರ ಅವರ ಕೊಠಡಿಯಲ್ಲೇ ಪರೀಕ್ಷಿಸಿ ನೋಡಿ, ನಂತರ ಕೊಂಡದ್ದು ಎರಡು ಚಾನೆಲ್‌ಗಳ, ನಾಲ್ಕು ಪ್ಯಾಡ್‌ಗಳ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಟೆನ್ಸ್ ಯಂತ್ರ. ಚರ್ಮದ ಮೇಲೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಇದು ಸಣ್ಣ ವಿದ್ಯುತ್ ತುಡಿತಗಳನ್ನು ನರಗಳಿಗೆ ಕಳಿಸುತ್ತದೆ. ಮೊಣಕೈ ಬಡಿದಾಗ ನಾವು ಆ ಜಾಗವನ್ನು ಉಜ್ಜಿಕೊಳ್ಳುತ್ತೇವಲ್ಲ, ತತ್ತ್ವ ಅದೇ: ಸ್ಪರ್ಶದ ಸಂದೇಶಗಳು ಹೆಚ್ಚಾದಾಗ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಬಾಗಿಲು ಅರ್ಧ ಮುಚ್ಚುತ್ತದೆ. ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ಈ ವಿವರಣೆಯಿಂದಲೇ ಇಂತಹ ಯಂತ್ರಗಳ ಕಲ್ಪನೆ ಬೆಳೆದು ಬಂದದ್ದು.

ಮೊದಲ ಮೂರು ತಿಂಗಳನ್ನು ನಾನು ನನ್ನ ತಪ್ಪಿನಿಂದಲೇ ವ್ಯರ್ಥ ಮಾಡಿಕೊಂಡೆ. ಕರೆಂಟು ಎಂಬ ಅಳುಕಿನಿಂದ ಜುಮುಗುಡುವುದು ತಿಳಿದೂ ತಿಳಿಯದಷ್ಟು ಮಂದವಾಗಿಟ್ಟುಕೊಂಡು, ಯಂತ್ರ ಕೆಲಸ ಮಾಡುತ್ತಿಲ್ಲ ಎಂದು ಗೊಣಗುತ್ತಿದ್ದೆ. ತುಡಿತ ಬಲವಾಗಿರಬೇಕು, ಆದರೆ ನೋಯಬಾರದು. ಕೆಲವು ನಿಮಿಷಗಳಲ್ಲಿ ಚರ್ಮ ಅದಕ್ಕೆ ಒಗ್ಗಿ ಅನುಭವ ಮಂಕಾದಾಗ ಮತ್ತೊಂದು ಹಂತ ಏರಿಸಬೇಕು. ಇದನ್ನು ಕೈಪಿಡಿ ಒಂದೇ ಸಾಲಿನಲ್ಲಿ, ಅದೂ ಎಚ್ಚರಿಕೆಗಳ ರಾಶಿಯ ನಡುವೆ ಹೇಳಿ ಮುಗಿಸಿದೆ. ನನಗೆ 80ರಿಂದ 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಅಷ್ಟು ಸಲ ಬರುವ, ವೇಗದ ತುಡಿತ ಹಿಡಿಸಿತು. 2ರಿಂದ 4 ಹರ್ಟ್ಸ್‌ನ ನಿಧಾನದ ಬಗೆಯಲ್ಲಿ ಸ್ನಾಯು ಕುಪ್ಪಳಿಸಿದಂತಾಗುತ್ತದೆ. ಮೊದಮೊದಲು ಅದು ಅಸಹ್ಯವೆನಿಸಿತ್ತು. ಆದರೆ ಪ್ರತಿದಿನ ಒಂದೇ ಹೊಂದಿಕೆಯಲ್ಲಿ ಬಳಸಿದರೆ ದೇಹ ಅದಕ್ಕೆ ಒಗ್ಗಿ ಪರಿಣಾಮ ಕುಗ್ಗುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಕೆಲವೇ ದಿನಗಳಲ್ಲಿ ಕಂಡುಬಂದಿದೆ, ಸರಿಯಾಗಿ ಬಳಸತೊಡಗಿದ ಎರಡನೆಯ ವಾರದಲ್ಲೇ ನನಗೂ ಅನುಭವಕ್ಕೆ ಬಂತು. ಅಂದಿನಿಂದ ಎರಡು ಬಗೆಗಳನ್ನೂ ಬದಲಿಸುತ್ತಾ, ನಡುವೆ ಬಿಡುವಿನ ದಿನಗಳನ್ನು ಇಟ್ಟುಕೊಂಡಿದ್ದೇನೆ.

ಈ ಯಂತ್ರದ ನಿಜವಾದ ಕಿರಿಕಿರಿ ಇರುವುದು ಪ್ಯಾಡ್‌ಗಳಲ್ಲಿ. ಅವುಗಳ ಅಂಟು ಬೆವರಿಗೆ, ಎಣ್ಣೆಗೆ, ಧೂಳಿಗೆ ಬೇಗ ಸೋಲುತ್ತದೆ. ಒಂದು ಅಂಚು ಮೇಲೆದ್ದರೆ ಇಡೀ ಪ್ಯಾಡಿನಲ್ಲಿ ಹಂಚಿಹೋಗಬೇಕಾದ ಕರೆಂಟು ಉಳಿದ ಸಣ್ಣ ಜಾಗದಲ್ಲಿ ಸೇರಿಕೊಂಡು ಸೂಜಿ ಚುಚ್ಚಿದಂತಾಗುತ್ತದೆ. ಪ್ರತಿ ಸಲ ಚರ್ಮವನ್ನು ತೊಳೆದು ಒರೆಸಿ, ಬಳಸಿದ ಮೇಲೆ ಪ್ಯಾಡನ್ನು ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ, ಮುಚ್ಚಿದ ಚೀಲದಲ್ಲಿಟ್ಟರೆ ಒಂದು ಜೊತೆ ನನಗೆ ಸುಮಾರು 25 ಸಲ ಬರುತ್ತದೆ. ಅಸಡ್ಡೆ ಮಾಡಿದರೆ ಹತ್ತೂ ಬರುವುದಿಲ್ಲ. ಇನ್ನು, ಸ್ವಂತ ಬೆನ್ನಿಗೆ ತಾವೇ ಸರಿಯಾದ ಜಾಗದಲ್ಲಿ ಪ್ಯಾಡ್ ಅಂಟಿಸಿಕೊಳ್ಳುವುದು ಸೊಂಟ ತಿರುಚಲಾಗದವರಿಗೆ ಎಂಥ ಶಿಕ್ಷೆ ಎಂಬುದನ್ನು ಯಂತ್ರ ತಯಾರಿಸಿದವರು ಯೋಚಿಸಿದಂತೆ ಕಾಣುವುದಿಲ್ಲ. ಮನೆಯವರು ಇದ್ದಾಗ ಅವರು ಅಂಟಿಸುತ್ತಾರೆ. ಒಬ್ಬನೇ ಇದ್ದಾಗ ಎರಡು ಕನ್ನಡಿಗಳ ನಡುವೆ ನಿಂತು ನಡೆಸುವ ಸರ್ಕಸ್ಸಿನಲ್ಲೇ ನೋವು ಒಂದು ಮಟ್ಟ ಏರಿರುತ್ತದೆ.

ಹೊಲಿಗೆಯ ಕಲೆಯ ಮೇಲೆ ಪ್ಯಾಡ್ ಇಡದೆ ಅದರ ಎರಡೂ ಬದಿಗಳಲ್ಲಿ ಇಡಬೇಕೆಂದು ನನಗೆ ಹೇಳಿಕೊಟ್ಟಿದ್ದರು, ಅದನ್ನು ಪಾಲಿಸಿದೆ. ಪಾಲಿಸದ ಮಾತು ಇನ್ನೊಂದಿತ್ತು. ನನ್ನ ಮೀನಖಂಡದ ಹೊರಭಾಗದಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲಿನಿಂದಲೂ ಸ್ಪರ್ಶ ಮಂದವಾಗಿದೆ. ಅಲ್ಲಿ ಪ್ಯಾಡ್ ಹಚ್ಚಿ, ಏನೂ ಗೊತ್ತಾಗುತ್ತಿಲ್ಲವೆಂದು ಏರಿಸುತ್ತಾ ಹೋದೆ. ತೆಗೆದು ನೋಡಿದರೆ ಚರ್ಮ ಕೆಂಪಾಗಿ ಸುಟ್ಟಂತಿತ್ತು. ಜೋಮು ಹಿಡಿದ ಜಾಗಕ್ಕೆ ಈ ಯಂತ್ರ ಸಲ್ಲದು. ಪೇಸ್‌ಮೇಕರ್ ಇರುವವರು, ಬೆನ್ನುಹುರಿಗೆ ಸ್ಟಿಮ್ಯುಲೇಟರ್ ಅಳವಡಿಸಿಕೊಂಡವರು, ಗರ್ಭಿಣಿಯರು ಮತ್ತು ಅಪಸ್ಮಾರ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಕತ್ತಿನ ಮುಂಭಾಗಕ್ಕೆ ಹಚ್ಚಬಾರದು, ವಾಹನ ಚಲಾಯಿಸುವಾಗ ಮತ್ತು ನಿದ್ದೆಯಲ್ಲಿ ಹಾಕಿಕೊಂಡಿರಬಾರದು.

ಫಲವೇನು? ಪ್ರತಿದಿನದ ನೋವಿಗೆ 0ಯಿಂದ 10ರವರೆಗೆ ಅಂಕ ಕೊಟ್ಟು ಬರೆದಿಟ್ಟ ಪುಸ್ತಕ ನನ್ನ ಬಳಿಯಿದೆ. ಯಂತ್ರ ಹಾಕುವ ಮುನ್ನ 6 ಅಥವಾ 7 ಇರುವುದು, ಹಾಕಿದ ಮೇಲೆ 4ಕ್ಕೆ ಇಳಿಯುತ್ತದೆ. ಆರಿಸಿದ ಒಂದು ಗಂಟೆಯೊಳಗೆ ಬಹುಮಟ್ಟಿಗೆ ಹಿಂದಿನ ಜಾಗಕ್ಕೇ ಬರುತ್ತದೆ. ನಾಲ್ಕು ವರ್ಷಗಳಲ್ಲಿ ಈ ಅಂಕಗಳು ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು ಅದೇ ಪುಸ್ತಕದ ಇನ್ನೊಂದು ಕಾಲಂ, ನಡಿಗೆಯ ನಿಮಿಷಗಳದ್ದು: 8ರಿಂದ ಆರಂಭವಾದದ್ದು ಈಗ 35ಕ್ಕೆ ಬಂದಿದೆ. ಮೊದಲ ವರ್ಷ ನಾನು ಯಂತ್ರ ಹಾಕಿಕೊಂಡು ಮಲಗಿ ಬಿಡುತ್ತಿದ್ದೆ. ಮಲಗುವ ಬದಲು ಆ ಅವಧಿಯಲ್ಲೇ ನಡೆಯಿರಿ, ವ್ಯಾಯಾಮ ಮಾಡಿರಿ ಎಂದು ಫಿಸಿಯೋಥೆರಪಿಸ್ಟ್ ಗದರಿದ ಮೇಲೆಯೇ ಈ ಕಾಲಂ ಏರತೊಡಗಿದ್ದು. ಹಾಗಾಗಿ ಈ ಏರಿಕೆಯ ಶ್ರೇಯಸ್ಸಿನಲ್ಲಿ ಯಂತ್ರಕ್ಕೆಷ್ಟು, ವ್ಯಾಯಾಮಕ್ಕೆಷ್ಟು ಎಂದು ಬೇರ್ಪಡಿಸಲು ನನ್ನಿಂದ ಸಾಧ್ಯವಿಲ್ಲ. ಹೆಚ್ಚಿನ ಪಾಲು ವ್ಯಾಯಾಮದ್ದೇ ಇರಬೇಕು.

ಈ ಸಂಶಯಕ್ಕೆ ಕಾರಣವೂ ಇದೆ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟನೋವಿಗೆ ಟೆನ್ಸ್ ಬೇಡವೆಂದಿದೆ, ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಅದರ ನಿತ್ಯಬಳಕೆಯ ವಿರುದ್ಧವಾಗಿಯೇ ಇದೆ. ಎರಡನೆಯದು ನಿರ್ದಿಷ್ಟ ಕಾರಣ ಕಾಣದ ದೀರ್ಘಕಾಲದ ಸೊಂಟನೋವನ್ನು ಕುರಿತದ್ದು, ನನ್ನಂತೆ ಶಸ್ತ್ರಚಿಕಿತ್ಸೆಯ ನಂತರ ನೋವು ಉಳಿದವರನ್ನು ಕುರಿತದ್ದಲ್ಲ. ಆದರೂ ಈ ಯಂತ್ರದ ಪೊಟ್ಟಣದ ಮೇಲಿರುವ ‘ನೋವಿನಿಂದ ಶಾಶ್ವತ ಮುಕ್ತಿ’ ಎಂಬ ಬರಹವನ್ನು ಸುಳ್ಳೆನ್ನಲು ಅಷ್ಟು ಸಾಕು.

ಗಟ್ಟಿತನದ ಬಗ್ಗೆ ಹೇಳುವುದಾದರೆ, ಸೊಂಟಪಟ್ಟಿಗೆ ಸಿಕ್ಕಿಸುವ ಕ್ಲಿಪ್ಪು ಎಂಟೇ ತಿಂಗಳಲ್ಲಿ ಮುರಿಯಿತು. ವೈರು ಎರಡು ಸಲ ಪಿನ್ನಿನ ಬುಡದಲ್ಲೇ ಕಡಿದುಹೋಯಿತು. ಗುಂಡಿಗಳಿಗೆ ಲಾಕ್ ಇಲ್ಲದಿರುವುದು ಎಲ್ಲಕ್ಕಿಂತ ದೊಡ್ಡ ದೋಷ: ಒಮ್ಮೆ ಕುರ್ಚಿಯ ಕೈಗೆ ತಗುಲಿ ತೀವ್ರತೆ ಏಕಾಏಕಿ ಏರಿದಾಗ ನಾನು ಬೆಚ್ಚಿ ಎದ್ದ ರಭಸಕ್ಕೆ ಮುಂದಿನ ಎರಡು ದಿನ ಹಾಸಿಗೆ ಹಿಡಿಯಬೇಕಾಯಿತು. ಬ್ಯಾಟರಿಯ ಬಗ್ಗೆ ದೂರಿಲ್ಲ.

ಕಾಲಿನಲ್ಲಿ ಹೊಸದಾಗಿ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ಹೋದರೆ ಯಂತ್ರವನ್ನು ಪಕ್ಕಕ್ಕಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅದನ್ನು ಬಿಟ್ಟರೆ, ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕೊಳ್ಳುವವರು ಮೊದಲು ಫಿಸಿಯೋಥೆರಪಿಸ್ಟ್ ಬಳಿ ಎರಡು ವಾರ ಬಳಸಿ ನೋಡಲಿ. ಕೊಳ್ಳುವಾಗ ಗುಂಡಿಗೆ ಲಾಕ್ ಇದೆಯೇ ಎಂಬುದನ್ನೂ, ವೈರಿನ ತುದಿಯಲ್ಲಿ ಸಾಮಾನ್ಯವಾಗಿ ಸಿಗುವ 2 ಮಿಲಿಮೀಟರ್ ಪಿನ್ನೇ ಇದೆಯೇ ಎಂಬುದನ್ನೂ ನೋಡಿಕೊಳ್ಳಲಿ. ಬೇರೆ ಬಗೆಯ ಪಿನ್ನಿದ್ದರೆ ಅದೇ ಕಂಪನಿಯ ಪ್ಯಾಡಿಗೆ ಕಾಯುತ್ತಾ ವಾರಗಟ್ಟಲೆ ಯಂತ್ರ ಕಪಾಟಿನಲ್ಲಿ ಕೂರುತ್ತದೆ.